ಗದ್ದೆಯ ಬೆನ್ನಿಗಿದ್ದ ಬೆಟ್ಟ

ಕರ್ನಾಟಕ ಭೂಕಂದಾಯ ಕಾಯ್ದೆ ಬಂದದ್ದು 1964ರಲ್ಲಿ. ಅದರ ಇಂಗ್ಲಿಷ್ ಪಠ್ಯದ 79ನೇ ಸೆಕ್ಷನ್ನಿನಲ್ಲಿ ಒಂದು ಕುತೂಹಲಕರ ವಾಕ್ಯವಿದೆ. ಕಾನೂನಿನ ಒಣ ಭಾಷೆಯ ನಡುವೆ ಇದ್ದಕ್ಕಿದ್ದಂತೆ ನಮ್ಮ ಊರುಕೇರಿಯ ಪದಗಳು ಸಾಲುಗಟ್ಟಿ ಬಂದು ಕೂರುತ್ತವೆ: ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ, ಉತ್ತರ ಕನ್ನಡದ ಬೆಟ್ಟ, ಹಾಡಿ, ಹಳೆ ಮೈಸೂರು ಸೀಮೆಯ ಕಾನು, ಸೊಪ್ಪಿನ ಬೆಟ್ಟ, ಕೊಡಗಿನ ಜಮ್ಮಾ, ಬಾಣೆ. ರೂಢಿಯಿಂದಲೋ ಸರ್ಕಾರದ ಆದೇಶದಿಂದಲೋ ಈ ಜಮೀನುಗಳ ಮೇಲೆ ಜನ ಅನುಭವಿಸಿಕೊಂಡು ಬಂದ ಸವಲತ್ತುಗಳು ಮುಂದುವರಿಯುತ್ತವೆ ಎಂಬುದು ಆ ವಾಕ್ಯದ ಸಾರ.

ಕಾಯ್ದೆ ಬರೆದವರು ಈ ಪದಗಳನ್ನು ಇಂಗ್ಲಿಷಿಗೆ ತರುವ ಗೋಜಿಗೇ ಹೋಗಿಲ್ಲ. ಹೋಗಿದ್ದರೂ ದಕ್ಕುತ್ತಿರಲಿಲ್ಲ. ಇವು ಬರೀ ಜಾಗದ ಹೆಸರುಗಳಲ್ಲ, ಎರಡು ಜಾಗಗಳ ನಡುವಿನ ಸಂಬಂಧದ ಹೆಸರುಗಳು. ಒಂದು ಕಡೆ ಗದ್ದೆ ಅಥವಾ ತೋಟ, ಇನ್ನೊಂದು ಕಡೆ ಅದರ ಬೆನ್ನಿಗಿರುವ ಗುಡ್ಡ. ಗುಡ್ಡದಿಂದ ಗದ್ದೆಗೆ ಹಲವು ವಸ್ತುಗಳು ಇಳಿದು ಬರುತ್ತಿದ್ದವು: ಸೌದೆ, ಹುಲ್ಲು, ನೇಗಿಲಿಗೆ ಬೇಕಾದ ಮರ. ಆದರೆ ವರ್ಷ ವರ್ಷವೂ ತಪ್ಪದೆ, ಹೊರೆ ಹೊರೆಯಾಗಿ ಬರುತ್ತಿದ್ದದ್ದು ಸೊಪ್ಪು. ಅದೇ ಗೊಬ್ಬರ.

ಸಾವಯವ ಕೃಷಿಯ ಬಗ್ಗೆ ಈಗ ಬೇಕಾದಷ್ಟು ಬರಹಗಳು ಬರುತ್ತಿವೆ. ಅವುಗಳಲ್ಲಿ ಬಹುಪಾಲು ಅಡುಗೆ ಪುಸ್ತಕದ ಧಾಟಿಯವು: ಹತ್ತು ಬಗೆಯ ಎಲೆ ಕೊಯ್ದು ಕೊಳೆಹಾಕಿ, ಇಷ್ಟು ದಿನ ಬಿಡಿ, ಸೋಸಿ, ಸಿಂಪಡಿಸಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಭತ್ತದ ಗದ್ದೆಗೆ ಸೊಪ್ಪು ಹಾಕುವ ಪದ್ಧತಿಯ ಚರಿತ್ರೆಯನ್ನು ಹಿಂದಕ್ಕೆ ನೋಡುತ್ತ ಹೋದರೆ ಸಿಗುವುದು ಪಾಕವಿಧಾನಗಳಲ್ಲ. ಅಲ್ಲಿ ಸಿಗುವುದು ಹಕ್ಕಿನ ದಾಖಲೆಗಳು, ಕಂದಾಯದ ಲೆಕ್ಕಗಳು, ಅರಣ್ಯ ಇಲಾಖೆಯ ಜೊತೆಗಿನ ಜಗಳಗಳು ಮತ್ತು ಹೊರೆ ಹೊತ್ತ ಮನುಷ್ಯರು. ಸೊಪ್ಪಿನ ಗೊಬ್ಬರ ಒಂದು ನೆಲದ ವ್ಯವಸ್ಥೆಯಾಗಿತ್ತು. ಆ ವ್ಯವಸ್ಥೆ ಮುರಿದ ಮೇಲೆ ಉಳಿದದ್ದು ಬರೀ ಪಾಕವಿಧಾನ.

ಹಳೆಯ ಗ್ರಂಥಗಳಿಂದಲೇ ಶುರು ಮಾಡೋಣ. ಕನ್ನಡಕ್ಕೆ ಈ ವಿಷಯದಲ್ಲಿ ಹೆಮ್ಮೆಪಡುವಂಥ ಆಸ್ತಿಯೊಂದಿದೆ. ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ ಚಾವುಂಡರಾಯ ಎಂಬ ಕವಿ ಬರೆದ 'ಲೋಕೋಪಕಾರ' ದಿನಬಳಕೆಯ ತಿಳಿವಳಿಕೆಯನ್ನೆಲ್ಲ ಒಂದೆಡೆ ಕೂಡಿಹಾಕಿದ ವಿಶ್ವಕೋಶ. ಶ್ರವಣಬೆಳಗೊಳದ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಬೇರೆ, ಈತ ಬೇರೆ. ಅದರಲ್ಲಿ ನೆಲದಡಿಯ ನೀರನ್ನು ಗುರುತಿಸುವ ಬಗೆಗೆ ಒಂದು ಅಧ್ಯಾಯವಿದ್ದರೆ, ವೃಕ್ಷಾಯುರ್ವೇದಕ್ಕೆ ಇನ್ನೊಂದು ಇದೆ. ಸಂಸ್ಕೃತದಲ್ಲಿ ಸುರಪಾಲನ 'ವೃಕ್ಷಾಯುರ್ವೇದ' ಇದೆ. ಅದರ ಹಸ್ತಪ್ರತಿ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿತ್ತು. 1996ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಅಚ್ಚಾದ ಮೇಲೆ ಅದರಲ್ಲಿ ಬರುವ 'ಕುಣಪಜಲ' ಎಂಬ ದ್ರವಗೊಬ್ಬರ ಸಾವಯವ ಕೃಷಿಕರ ನಡುವೆ ಹೆಸರು ಮಾಡಿತು. ಕುಣಪ ಎಂದರೆ ಹೆಣ. ಹೆಸರೇ ಹೇಳುವಂತೆ ಮೂಲದಲ್ಲಿ ಅದು ಪ್ರಾಣಿಗಳ ಮಾಂಸ, ಕೊಬ್ಬು, ಮಜ್ಜೆಯನ್ನು ಬೇಯಿಸಿ ಕೊಳೆಹಾಕಿದ ರಸ. ಎಲೆ, ಹಿಂಡಿಗಳಿಂದ ಮಾಡುವ ಈಗಿನ 'ಸಸ್ಯ ಕುಣಪಜಲ' ನಮ್ಮ ಕಾಲದ ತಿದ್ದುಪಡಿ.

ಈ ಎರಡು ಗ್ರಂಥಗಳ ಗಮನ ಹೆಚ್ಚಾಗಿ ಮರದ ಮೇಲೆ, ತೋಟದ ಮೇಲೆ. ಒಂದೊಂದು ಮರವನ್ನೂ ರೋಗಿಯಂತೆ ಕೂರಿಸಿಕೊಂಡು ಮದ್ದು ಕೊಡುವ ಕ್ರಮ ಅವುಗಳದ್ದು. ಭತ್ತದ ಗದ್ದೆಗೆ ಈ ವೈದ್ಯ ಒಗ್ಗುವುದಿಲ್ಲ. ಎಕರೆಗಟ್ಟಲೆ ಕೆಸರಿಗೆ ಮಡಕೆಯಲ್ಲಿ ಕುದಿಸಿದ ರಸ ಸಾಲುವುದೂ ಇಲ್ಲ. 'ಕೃಷಿಪರಾಶರ' ಎಂಬ ಇನ್ನೊಂದು ಸಂಸ್ಕೃತ ಗ್ರಂಥ ಭತ್ತದ ಬೇಸಾಯವನ್ನೇ ಮುಖ್ಯವಾಗಿ ಹೇಳುತ್ತದೆ. ಅಲ್ಲಿ ಗೊಬ್ಬರ ಎಂದರೆ ಸಗಣಿಯ ಗುಡ್ಡೆ. ಅದನ್ನು ಒಣಗಿಸಿ, ಪುಡಿಮಾಡಿ, ಹೊಲದ ಗುಂಡಿಗಳಲ್ಲಿ ತುಂಬಿಡುವ ಕ್ರಮ. ಗದ್ದೆಗೆ ಬೇಕಾದದ್ದು ಔಷಧವಲ್ಲ, ಊಟ. ಊಟ ಎಂದ ಮೇಲೆ ಪ್ರಮಾಣದ ಪ್ರಶ್ನೆ ಬರುತ್ತದೆ. ಆ ಊಟ ಎಲ್ಲಿಂದ ಬರಬೇಕು?

ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯ ಮದರಾಸಿನಿಂದ ಹೊರಟು ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿದ. ಗೆದ್ದ ನಾಡಿನಲ್ಲಿ ಏನೇನು ಬೆಳೆಯುತ್ತದೆ, ಎಷ್ಟು ಹುಟ್ಟುತ್ತದೆ ಎಂದು ತಿಳಿಯಲು ಕಂಪನಿ ಸರ್ಕಾರ ಅವನನ್ನು ಕಳಿಸಿತ್ತು. 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾದ ಅವನ ವರದಿಯಲ್ಲಿ ಶ್ರೀರಂಗಪಟ್ಟಣದ ಸುತ್ತಲಿನ ಭತ್ತದ ಬೇಸಾಯಕ್ಕೆ ಬಹಳ ಜಾಗ ಸಿಕ್ಕಿದೆ. ಒಣ ಬೀಜ ಬಿತ್ತುವುದು, ಮೊಳಕೆ ಕಟ್ಟಿದ ಬೀಜ ಚೆಲ್ಲುವುದು, ಸಸಿ ಮಡಿ ಮಾಡಿ ನಾಟಿ ಮಾಡುವುದು ಎಂಬ ಮೂರು ಕ್ರಮಗಳನ್ನು ಅವನು ಬಿಡಿಸಿ ಬಿಡಿಸಿ ಬರೆದ. ಕೆಸರಿಗೆ ಹಸಿ ಸೊಪ್ಪು ಹರಡಿ ಕಾಲಿನಿಂದ ತುಳಿದು ಹುದುಗಿಸುವುದನ್ನೂ ದಾಖಲಿಸಿದ. ಗಿಡಗಳ ಊರ ಹೆಸರು ಕೇಳಿ, ಸಸ್ಯಶಾಸ್ತ್ರದ ಹೆಸರಿನ ಜೊತೆ ಜೋಡಿಸುವ ಹವ್ಯಾಸ ಅವನಿಗಿತ್ತು. ಬಯಲುಸೀಮೆಯ ರೈತನಿಗೆ ಹೊಂಗೆ, ಎಕ್ಕ, ಬೇವು, ತಂಗಡಿ, ಲಕ್ಕಿ ಎಲ್ಲವೂ ಗೊಬ್ಬರದ ಗಿಡಗಳೇ. ದನ ಮುಟ್ಟದ, ಕಹಿಯಾದ, ಹಾಲು ಸುರಿಸುವ ಎಲೆಗಳೇ ಇವುಗಳಲ್ಲಿ ಹೆಚ್ಚು ಎಂಬುದನ್ನು ಗಮನಿಸಬೇಕು. ಮೇವಾಗುವ ಎಲೆ ದನಕ್ಕೆ, ಆಗದ್ದು ಗದ್ದೆಗೆ. ದನ ತಿಂದದ್ದೂ ಸಗಣಿಯಾಗಿ ಗದ್ದೆಗೇ ಬರುತ್ತದೆ.

ಬಯಲಿನಲ್ಲಿ ಸೊಪ್ಪಿನ ಮೂಲ ಕೆರೆ ಏರಿ, ಬದು, ಹಳ್ಳದ ದಡ, ಗೋಮಾಳ. ಘಟ್ಟದ ಮೇಲೆ, ಕೆಳಗೆ ಕಥೆ ಬೇರೆ. ಅಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ. ಮುರಕಲ್ಲಿನ ನೆಲದ ಸಾರವೆಲ್ಲ ತೊಳೆದು ಹೊಳೆ ಸೇರುತ್ತದೆ. ಗದ್ದೆಯೆಂಬುದು ಎರಡು ಗುಡ್ಡಗಳ ನಡುವಿನ ಸಣ್ಣ ಕಣಿವೆ. ಕರಾವಳಿಯಲ್ಲಿ ನೀರಿನ ಆಸರೆಗೆ ತಕ್ಕಂತೆ ಬೈಲು, ಮಜಲು, ಬೆಟ್ಟು ಎಂದು ಗದ್ದೆಗಳನ್ನು ವಿಂಗಡಿಸುತ್ತಿದ್ದರು; ಏಣೆಲು, ಸುಗ್ಗಿ, ಕೊಳಕೆ ಎಂದು ಬೆಳೆಗಳನ್ನು ಲೆಕ್ಕ ಹಾಕುತ್ತಿದ್ದರು. ಬೈಲು ಗದ್ದೆಯಲ್ಲಿ ವರ್ಷಕ್ಕೆ ಮೂರು ಬೆಳೆ ತೆಗೆಯಬೇಕಾದರೆ ಮಳೆ ತೊಳೆದದ್ದನ್ನು ಯಾರಾದರೂ ಮತ್ತೆ ತಂದು ತುಂಬಲೇಬೇಕು.

ಹಾಗಾಗಿ ಗುಡ್ಡದ ಮತ್ತಿ, ಕಿಂದಳ, ನೇರಳೆ, ಹೊನ್ನೆಯ ಗೆಲ್ಲುಗಳು ಕೆಳಗಿಳಿಯುತ್ತಿದ್ದವು. ಒಂದಷ್ಟು ನೇರವಾಗಿ ಗದ್ದೆಯ ಕೆಸರಿಗೆ. ಹೆಚ್ಚಿನದು ಕೊಟ್ಟಿಗೆಗೆ. ಮಳೆಗಾಲದಲ್ಲಿ ಹಸಿ ಸೊಪ್ಪು, ಬೇಸಿಗೆಯಲ್ಲಿ ದರಕು, ದನದ ಕಾಲಡಿಗೆ ದಿನವೂ ಒಂದು ಹಾಸು. ಸಗಣಿ, ಗಂಜಲ ಹೀರಿಕೊಂಡು, ಗೊರಸಿನಡಿ ಅರೆದು, ಮೊಣಕಾಲೆತ್ತರ ಏರಿದ ಮೇಲೆ ಅದನ್ನು ಎಳೆದು ಗೊಬ್ಬರದ ಗುಂಡಿಗೆ ತುಂಬುವುದು. ಬರೀ ಸಗಣಿಯನ್ನು ಗುಡ್ಡೆ ಹಾಕಿದರೆ ಗಂಜಲ ಹರಿದು ಹೋಗುತ್ತದೆ. ಸಾರಜನಕದ ದೊಡ್ಡ ಪಾಲು ಇರುವುದು ಆ ಗಂಜಲದಲ್ಲೇ. ಎಲೆಯ ಹಾಸು ಅದನ್ನು ಹಿಡಿದಿಡುತ್ತದೆ. ಎಲೆಯಲ್ಲಿರುವ ಇಂಗಾಲ, ಗಂಜಲದಲ್ಲಿರುವ ಸಾರಜನಕ ಸೇರಿ ಹದವಾಗಿ ಕೊಳೆಯುತ್ತವೆ. ಇಂದೋರಿನಲ್ಲಿ ಸಸ್ಯ ಸಂಶೋಧನಾ ಸಂಸ್ಥೆ ನಡೆಸುತ್ತಿದ್ದ ಆಲ್ಬರ್ಟ್ ಹೋವರ್ಡ್ 1920ರ ದಶಕದಿಂದ ಕಾಂಪೋಸ್ಟಿನ ಬಗ್ಗೆ ಮಾಡಿದ ಪ್ರಯೋಗಗಳು, 1940ರಲ್ಲಿ ಬರೆದ ಪುಸ್ತಕ ಲೋಕಪ್ರಸಿದ್ಧವಾದವು. ಅವನು ಶಾಸ್ತ್ರಬದ್ಧಗೊಳಿಸಿದ ತತ್ವ ಮಲೆನಾಡಿನ ಕೊಟ್ಟಿಗೆಯಲ್ಲಿ ದಿನವೂ ನಡೆಯುತ್ತಿದ್ದದ್ದೇ.

ಇಷ್ಟು ಸೊಪ್ಪು ಬೇಕಾದರೆ ಎಷ್ಟು ಗುಡ್ಡ ಬೇಕು? ಇದು ಕಂದಾಯ ಅಧಿಕಾರಿಗಳು ತಲೆಕೆಡಿಸಿಕೊಂಡ ಪ್ರಶ್ನೆ. ದಕ್ಷಿಣ ಕನ್ನಡದಲ್ಲಿ ಉತ್ತರ ಹೀಗಿತ್ತು: ಹಳೆಯ ವರ್ಗ ಜಮೀನಿನ ಅಂಚಿನಿಂದ 100 ಗಜದವರೆಗಿನ ಸರ್ಕಾರಿ ಜಾಗ ಆ ವರ್ಗದಾರನ ಕುಮ್ಕಿ. ಒಡೆತನ ಸರ್ಕಾರದ್ದು, ಸೊಪ್ಪು, ಸೌದೆ, ಹುಲ್ಲು ಅವನದು. ಕುಮ್ಕಿ ಎಂಬ ಮಾತು ಬಂದದ್ದು 'ಕುಮಕ್' ಎಂಬ ಪಾರ್ಸಿ ಪದದಿಂದ. ಅರ್ಥ, ನೆರವು. ನಾವು ಇಂದು ಯಾರಿಗೋ ಕುಮ್ಮಕ್ಕು ಕೊಟ್ಟರು ಎನ್ನುತ್ತೇವಲ್ಲ, ಅದೇ ಪದ. ಗದ್ದೆಗೆ ಗುಡ್ಡದ ಕುಮ್ಮಕ್ಕು. ಕೊಡಗಿನಲ್ಲಿ ಭತ್ತದ ಗದ್ದೆಗೆ ಅಂಟಿಕೊಂಡ ಬಾಣೆಗೆ ಪ್ರತ್ಯೇಕ ಕಂದಾಯವಿರಲಿಲ್ಲ, ಅದು ಗದ್ದೆಯ ಬೇಸಾಯ ನಡೆಯಲೆಂದೇ ಬಿಟ್ಟ ನೆಲ. ಉತ್ತರ ಕನ್ನಡದ ಘಟ್ಟದ ಮೇಲೆ ಅಡಿಕೆ ತೋಟದ ಮುಂದೆ ಗದ್ದೆಯದು ಎರಡನೇ ಪಾಳಿ. ಅಲ್ಲಿ ಸೊಪ್ಪಿನ ಬೆಟ್ಟದ ಲೆಕ್ಕ ನಡೆದದ್ದು ತೋಟದ ಹೆಸರಿನಲ್ಲಿ, ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ. ಒಂದಕ್ಕೆ ಒಂಬತ್ತು! ಹಸಿರು ಎಲೆಯಿಂದ ಬೆಳೆ ತೆಗೆಯುವುದೆಂದರೆ ಎಷ್ಟು ನೆಲದ ಬಂಡವಾಳ ಬೇಕು ಎಂಬುದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಳುವ ಅಂಕಿ ಇನ್ನೊಂದಿಲ್ಲ.

ಈ ಲೆಕ್ಕ ಶಾಂತವಾಗಿ ಇತ್ಯರ್ಥವಾದದ್ದಲ್ಲ. 1878ರ ಅರಣ್ಯ ಕಾಯ್ದೆ, ಮದರಾಸು ಪ್ರಾಂತ್ಯದಲ್ಲಿ 1882ರ ಕಾಯ್ದೆ ಬಂದ ಮೇಲೆ ಕಾಡಿನ ಮೇಲೆ ಇಲಾಖೆಯ ಹಿಡಿತ ಬಿಗಿಯಾಯಿತು. ಅರಣ್ಯಾಧಿಕಾರಿಯ ಕಣ್ಣಿಗೆ ಸೊಪ್ಪು ಸವರಿದ ಮರ ಹಾಳಾದ ಮರ, ಸಾಗುವಾನಿ ಬೆಳೆಯಬೇಕಾದ ಜಾಗದಲ್ಲಿ ನಿಂತ ಮೋಟು. ರೈತನ ಕಣ್ಣಿಗೆ ಅದೇ ಮರ ಮುಂದಿನ ವರ್ಷದ ಅನ್ನ. ಇಬ್ಬರೂ ಪೂರ್ತಿ ಸುಳ್ಳಲ್ಲ. 1889ರ ಕೊನೆಗೆ ಭಾರತಕ್ಕೆ ಬಂದ ಜಾನ್ ಆಗಸ್ಟಸ್ ವೋಲ್ಕರ್, ಇಂಗ್ಲೆಂಡಿನ ರಾಯಲ್ ಕೃಷಿ ಸಂಘದ ರಸಾಯನಶಾಸ್ತ್ರಜ್ಞ, ನಾಡೆಲ್ಲ ಸುತ್ತಿ 1893ರಲ್ಲಿ ವರದಿ ಕೊಟ್ಟ. ಇಲ್ಲಿನ ರೈತ ದಡ್ಡನಲ್ಲ, ಅವನಿಗೆ ಗೊಬ್ಬರದ ಮೂಲಗಳು ಕೈಗೆಟುಕಬೇಕು ಎಂಬ ಧಾಟಿಯ ವರದಿ ಅದು. ಸಗಣಿ ಬೆರಣಿಯಾಗಿ ಒಲೆಗೆ ಹೋಗುವುದನ್ನು ತಪ್ಪಿಸಲು ಊರೂರಿಗೂ ಸೌದೆ, ಮೇವಿನ ಕಾಡು ಬೇಕೆಂದು ಅವನು ಒತ್ತಿ ಹೇಳಿದ. ಎಣ್ಣೆಬೀಜ, ಮೂಳೆಗಳು ಹಡಗು ಹತ್ತಿ ಪರದೇಶಕ್ಕೆ ಹೋದರೆ ಅವುಗಳ ಜೊತೆ ನೆಲದ ಸಾರವೂ ಹೋಗುತ್ತದೆ ಎಂಬುದನ್ನು ಗುರುತಿಸಿದ. ಆದರೂ ಜಗಳ ನಿಲ್ಲಲಿಲ್ಲ. 1920ರ ದಶಕದ ಆರಂಭದಲ್ಲಿ ಕಾಲಿನ್ಸ್ ಎಂಬ ಅಧಿಕಾರಿ ಉತ್ತರ ಕನ್ನಡದ ಕರಾವಳಿಯ ಅರಣ್ಯ ಸವಲತ್ತುಗಳನ್ನು ಮರುಪರಿಶೀಲಿಸಬೇಕಾಯಿತು. 1930ರಲ್ಲಿ ಅದೇ ಜಿಲ್ಲೆ ಅರಣ್ಯ ಸತ್ಯಾಗ್ರಹಕ್ಕೆ ಇಳಿಯಿತು. ಸ್ವಾತಂತ್ರ್ಯ ಚಳವಳಿಯ ಕಥೆ ಹೇಳುವಾಗ ಉಪ್ಪನ್ನು ನೆನೆಯುತ್ತೇವೆ. ಘಟ್ಟದ ಜನಕ್ಕೆ ಸೊಪ್ಪೂ ಉಪ್ಪಿನಷ್ಟೇ ದೊಡ್ಡ ಪ್ರಶ್ನೆಯಾಗಿತ್ತು.

ಇನ್ನು ಕೀಟದ ಮಾತು. ಸೊಪ್ಪು ಹಾಕಿ ಬೆಳೆದ ಕಾಲದಲ್ಲಿ ಭತ್ತಕ್ಕೆ ಹುಳುವೇ ಇರಲಿಲ್ಲ ಎಂಬ ನಂಬಿಕೆಯೊಂದಿದೆ. ಅದು ನಿಜವಲ್ಲ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ಲೆಸ್ಲಿ ಕೋಲ್ಮನ್ ಮೊದಲ ವರ್ಷಗಳಲ್ಲೇ ಭತ್ತದ ಮಿಡತೆಯ ಬೆನ್ನು ಹತ್ತಬೇಕಾಯಿತು. ಯೂರಿಯಾ ಎಂಬ ಹೆಸರನ್ನೇ ನಮ್ಮ ರೈತರು ಕೇಳದ ದಿನಗಳವು. ಹುಳು ಇತ್ತು, ಅದರ ಎದುರು ಗದ್ದೆಗೆ ಬೇರೆ ಬಗೆಯ ತಾಳಿಕೆಯಿತ್ತು.

ಆ ತಾಳಿಕೆಯ ಗುಟ್ಟಿನ ಒಂದು ಪಾಲು ಕಹಿ ಎಲೆಗಳಲ್ಲಿದೆ. ಹೊಂಗೆ, ಬೇವು, ಎಕ್ಕದ ಸೊಪ್ಪಿನಲ್ಲಿ, ಹೊಂಗೆ ಹಿಂಡಿ ಬೇವಿನ ಹಿಂಡಿಗಳಲ್ಲಿ ಕೀಟಗಳಿಗೆ ಒಗ್ಗದ ಸಾರಗಳಿವೆ. ಇನ್ನೊಂದು, ಬಹುಶಃ ಇದಕ್ಕಿಂತ ದೊಡ್ಡ ಪಾಲು ನಿಧಾನದಲ್ಲಿದೆ. ಕೊಳೆಯುವ ಎಲೆ ಸಾರಜನಕವನ್ನು ವಾರಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಪೈರು ಒಮ್ಮೆಲೇ ಕಡುಹಸಿರಾಗಿ, ರಸ ತುಂಬಿ, ಒತ್ತೊತ್ತಾಗಿ ಕೊಬ್ಬುವುದಿಲ್ಲ. ಅಂಥ ಕೊಬ್ಬಿದ ಪೈರಿಗೇ ಬೆಂಕಿರೋಗ ಬೇಗ ತಗಲುವುದು, ಕಂದು ಜಿಗಿಹುಳು ಬೇಗ ಮುತ್ತುವುದು. ಜೊತೆಗೆ ಸೊಪ್ಪು ಕೊಳೆಯುವ ನೀರಿನಲ್ಲಿ ಸಣ್ಣಪುಟ್ಟ ಜೀವಿಗಳು ಹೆಚ್ಚುತ್ತವೆ. ಪೈರಿನ ಹುಳು ಬರುವ ಮೊದಲೇ ಜೇಡ, ಕೊಡತಿಗಳು ಅವನ್ನು ತಿಂದು ಸಂಸಾರ ಹೂಡಿರುತ್ತವೆ.

ಜನ ಇದನ್ನು ಶಾಸ್ತ್ರವೆಂದು ಬರೆದಿಡಲಿಲ್ಲ, ಹಬ್ಬವಾಗಿ ಇಟ್ಟುಕೊಂಡರು. ಮಲೆನಾಡಿನ ಭೂಮಿ ಹುಣ್ಣಿಮೆಯಲ್ಲಿ, ತೆನೆ ಹೊತ್ತು ಬಸುರಾದ ಗದ್ದೆಗೆ ಹತ್ತಾರು ಬಗೆಯ ಸೊಪ್ಪು ಬೇಯಿಸಿದ ಹಚ್ಚಂಬಲಿಯನ್ನು ನಸುಕಿನಲ್ಲಿ ಬೀರುತ್ತಾರೆ. ಕೊಡಗಿನಲ್ಲಿ ಕಾವೇರಿ ಸಂಕ್ರಮಣದ ಹೊತ್ತಿಗೆ ಗದ್ದೆಯಲ್ಲಿ ಬಳ್ಳಿ ಸುತ್ತಿದ ಬೊತ್ತು ನೆಡುತ್ತಾರೆ. ಇವೆಲ್ಲ ಕೀಟನಾಶಕಗಳೆಂದು ವಾದಿಸುವುದು ಬೇಡ. ಆದರೆ ಗದ್ದೆಗೆ ಹಸಿರು ಉಣಿಸುವುದು ಮನೆಯ ಮಗಳಿಗೆ ಬಯಕೆ ಉಣಿಸಿದಷ್ಟೇ ಸಹಜ ಎಂದುಕೊಂಡವರ ಲೋಕ ಅದು.

ಆ ಲೋಕವನ್ನು ಹೊಗಳುವಾಗ ಒಂದು ಲೆಕ್ಕವನ್ನು ಮರೆಯಬಾರದು. ಇಂದಿನ 45 ಕಿಲೋ ಯೂರಿಯಾ ಚೀಲದಲ್ಲಿ ಶೇ. 46ರಷ್ಟು ಸಾರಜನಕ, ಅಂದರೆ ಸುಮಾರು 20 ಕಿಲೋ. ಹಸಿ ಸೊಪ್ಪಿನಲ್ಲಿ ಬಹುಪಾಲು ನೀರು. ಒಳ್ಳೆಯ ಗೊಬ್ಬರದ ಸೊಪ್ಪಿನಲ್ಲೂ ಸಾರಜನಕ ಶೇ. 1ನ್ನು ಮುಟ್ಟುವುದು ಕಷ್ಟ. ಆ ಒಂದು ಚೀಲಕ್ಕೆ ಸಮನಾಗಬೇಕಾದರೆ ಎರಡೂವರೆ ಮೂರು ಟನ್ ಸೊಪ್ಪು ಬೇಕು. ತಲೆಹೊರೆ ಒಂದಕ್ಕೆ 25-30 ಕಿಲೋ ಎಂದುಕೊಂಡರೂ ನೂರು ಹೊರೆ. ಮರ ಹತ್ತಿ ಗೆಲ್ಲು ಸವರಬೇಕು, ಇಳಿಜಾರಿನಲ್ಲಿ ಜಿಗಣೆ ಕಚ್ಚಿಸಿಕೊಂಡು ಹೊರೆ ಕಟ್ಟಿ ಹೊರಬೇಕು. ಹೊತ್ತವರಲ್ಲಿ ಹೆಂಗಸರು ಬಹಳ. ದಕ್ಷಿಣ ಕನ್ನಡದಲ್ಲಿ ಕುಮ್ಕಿಯ ಹಕ್ಕು ವರ್ಗದಾರ ಧಣಿಯದ್ದಾದರೆ, ಸೊಪ್ಪು ಹೊತ್ತ ಕುತ್ತಿಗೆ ಗೇಣಿ ಒಕ್ಕಲಿನದ್ದು, ಮೂಲದಾಳಿನದ್ದು. ಯೂರಿಯಾ ಚೀಲ ಬಂದಾಗ ಅವರು ಅದನ್ನು ಬಿಡುಗಡೆಯಂತೆ ಕಂಡಿದ್ದರೆ ಅವರನ್ನು ಆಕ್ಷೇಪಿಸುವ ಹಕ್ಕು ನಮಗಿಲ್ಲ. ಈ ಪದ್ಧತಿ ಕುಸಿದದ್ದಕ್ಕೆ ರಾಸಾಯನಿಕ ಕಂಪನಿಗಳ ಪ್ರಚಾರ ಒಂದು ಕಾರಣವಾದರೆ, ನೂರು ಹೊರೆಯ ಭಾರ ಇನ್ನೊಂದು.

ಚೀಲ ಬಂದ ದಾರಿ ಹೀಗಿದೆ. ಗಾಳಿಯ ಸಾರಜನಕದಿಂದ ಅಮೋನಿಯ ತಯಾರಿಸುವ ವಿದ್ಯೆಯನ್ನು ಜರ್ಮನಿಯ ಫ್ರಿಟ್ಸ್ ಹೇಬರ್ 1909ರಲ್ಲಿ ತೋರಿಸಿದ. 1913ರಲ್ಲಿ ಮೊದಲ ಕಾರ್ಖಾನೆ ಶುರುವಾಯಿತು. ನಮ್ಮ ದೇಶದಲ್ಲಿ ಇದನ್ನು ಮೊದಲು ಕೈಗೆತ್ತಿಕೊಂಡ ಜಾಗಗಳಲ್ಲಿ ಒಂದು ಕೃಷ್ಣರಾಜಸಾಗರದ ಬಳಿಯ ಬೆಳಗೊಳ. ಎರಡನೇ ಮಹಾಯುದ್ಧದ ಹೊತ್ತಿಗೆ ಅಲ್ಲಿನ ಕಾರ್ಖಾನೆ ಅಮೋನಿಯಂ ಸಲ್ಫೇಟ್ ತಯಾರಿಸುತ್ತಿತ್ತು. ಬುಕಾನನ್ ಸೊಪ್ಪು ತುಳಿಯುವುದನ್ನು ಬರೆದಿಟ್ಟ ಶ್ರೀರಂಗಪಟ್ಟಣದಿಂದ ಬೆಳಗೊಳಕ್ಕೆ ಎತ್ತಿನ ಗಾಡಿಯಲ್ಲಿ ಅರ್ಧ ದಿನದ ದಾರಿಯೂ ಅಲ್ಲ. 1951ರಲ್ಲಿ ಸಿಂದ್ರಿಯ ದೊಡ್ಡ ಕಾರ್ಖಾನೆ ಬಂತು. ಆದರೂ ಬದಲಾವಣೆ ಒಂದೇ ಏಟಿಗೆ ಆಗಲಿಲ್ಲ. 1953ರಲ್ಲಿ ದೇಶಾದ್ಯಂತ ಪ್ರಚಾರಕ್ಕೆ ಬಂದ 'ಜಪಾನಿ ಪದ್ಧತಿ'ಯಲ್ಲಿ ಸಾಲು ನಾಟಿಯ ಜೊತೆಗೆ ಕಾಂಪೋಸ್ಟು, ಹಸಿರೆಲೆ ಗೊಬ್ಬರಕ್ಕೂ ಜಾಗವಿತ್ತು. ಸೆಣಬು, ದೈಂಚ ಬಿತ್ತಿ ಉಳಿ ಎಂದು ಇಲಾಖೆಯೇ ಹೇಳುತ್ತಿತ್ತು.

ನಿಜವಾದ ತಿರುವು ತಳಿಯದ್ದು. ನಮ್ಮ ಎತ್ತರದ ತಳಿಗಳಿಗೆ ಯೂರಿಯಾ ಸುರಿದರೆ ತೆನೆಯ ಭಾರಕ್ಕೆ ಅಡ್ಡ ಬೀಳುತ್ತಿದ್ದವು. 1966ರಲ್ಲಿ ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಐಆರ್-8 ಎಂಬ ಗಿಡ್ಡ ತಳಿ ಬಿಡುಗಡೆ ಮಾಡಿತು, 1968ರಲ್ಲಿ ನಮ್ಮ 'ಜಯ' ಬಂತು. ಗೊಬ್ಬರ ತಿಂದಷ್ಟೂ ತೆನೆ ಕೊಟ್ಟು ನೆಟ್ಟಗೆ ನಿಲ್ಲುವ ತಳಿಗಳಿವು. 1976ರಲ್ಲಿ ಮಂಗಳೂರಿನ ಪಣಂಬೂರಿನಲ್ಲೇ ಯೂರಿಯಾ ಉತ್ಪಾದನೆ ಶುರುವಾಯಿತು. ಕುಮ್ಕಿ ಗುಡ್ಡಗಳ ಪಕ್ಕದಲ್ಲೇ ಸಾರಜನಕದ ಇನ್ನೊಂದು ಗುಡ್ಡ ಎದ್ದು ನಿಂತಿತು. ಇಳುವರಿ ಏರಿತು, ಹೊಟ್ಟೆ ತುಂಬಿತು. ಅದು ಸಣ್ಣ ಮಾತಲ್ಲ. ಜೊತೆಗೇ ಜಿಗಿಹುಳು, ಎಲೆ ಸುರುಳಿ ಹುಳುಗಳ ಕಾಟವೂ ಏರಿತು. 1973-74ರಲ್ಲಿ ಕೇರಳದ ಕುಟ್ಟನಾಡಿನ ಗದ್ದೆಗಳನ್ನು ಕಂದು ಜಿಗಿಹುಳು ಸುಟ್ಟಂತೆ ಒಣಗಿಸಿತು. ಔಷಧ ಹೊಡೆದಷ್ಟೂ ಹುಳು ಹೆಚ್ಚಾಗುವ ವಿಚಿತ್ರವನ್ನು ವಿಜ್ಞಾನಿಗಳು ಬಿಡಿಸಿ ತೋರಿಸಿದರು: ಔಷಧಕ್ಕೆ ಮೊದಲು ಸಾಯುವುದು ಜಿಗಿಹುಳುವನ್ನು ತಿನ್ನುವ ಜೇಡ. 1986ರಲ್ಲಿ ಇಂಡೋನೇಷ್ಯಾ ಭತ್ತಕ್ಕೆ ಹೊಡೆಯುತ್ತಿದ್ದ 57 ಕೀಟನಾಶಕಗಳನ್ನು ನಿಷೇಧಿಸಿದ್ದು ಈ ಅರಿವಿನಿಂದಲೇ.

ಈ ನಡುವೆ ಬೇವು ಪ್ರಯೋಗಾಲಯ ಸೇರಿತ್ತು. 1960ರ ದಶಕದ ಆರಂಭದಲ್ಲಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯ ಎಸ್. ಪ್ರಧಾನ್ ಮತ್ತು ಸಂಗಡಿಗರು ಬೇವಿನ ಬೀಜದ ಕಷಾಯ ಸಿಂಪಡಿಸಿದ ಬೆಳೆಯನ್ನು ಮಿಡತೆ ಹಿಂಡು ಮುಟ್ಟುವುದಿಲ್ಲವೆಂದು ತೋರಿಸಿದರು. 1968ರಲ್ಲಿ ಇಂಗ್ಲೆಂಡಿನಲ್ಲಿ ಅದರ ಮುಖ್ಯ ಸಾರವಾದ ಅಜಾಡಿರಾಕ್ಟಿನ್ ಅನ್ನು ಬೇರ್ಪಡಿಸಿದರು. ಅಲ್ಲಿಂದ ಮುಂದೆ ಬೇವು ವ್ಯಾಪಾರದ ಸರಕು. ಅಮೆರಿಕದ ಡಬ್ಲ್ಯೂ. ಆರ್. ಗ್ರೇಸ್ ಕಂಪನಿಯ ಸಹಯೋಗದಲ್ಲಿ ತುಮಕೂರಿನಲ್ಲಿ ಬೇವಿನ ಬೀಜ ಸಂಸ್ಕರಿಸುವ ಘಟಕ ಬಂತು. ಅದೇ ಕಂಪನಿಗೂ ಅಮೆರಿಕದ ಕೃಷಿ ಇಲಾಖೆಗೂ 1994ರಲ್ಲಿ ಯುರೋಪಿನ ಪೇಟೆಂಟ್ ಕಚೇರಿ ಬೇವಿನ ಎಣ್ಣೆಯ ಶಿಲೀಂಧ್ರನಾಶಕ ಬಳಕೆಯ ಮೇಲೆ ಪೇಟೆಂಟ್ ಕೊಟ್ಟಿತು. ಇದು ಹೊಸತಲ್ಲ, ಭಾರತದ ರೈತರಿಗೆ ಮೊದಲೇ ಗೊತ್ತಿದ್ದದ್ದು ಎಂಬ ವಾದ ಗೆದ್ದು 2000ದಲ್ಲಿ ಅದು ರದ್ದಾಯಿತು. 2005ರಲ್ಲಿ ಮೇಲ್ಮನವಿಯೂ ಬಿತ್ತು. ಕರ್ನಾಟಕದ ರೈತ ಚಳವಳಿಯೂ ಅಂದು ಬೇವಿನ ಕೊಂಬೆ ಹಿಡಿದಿತ್ತು.

ಗೆಲುವು ದೊಡ್ಡದೇ. ಆದರೆ ಬೇವಿನ ಮುಂದಿನ ಅಧ್ಯಾಯದಲ್ಲಿ ಒಂದು ವ್ಯಂಗ್ಯವಿದೆ. ಬೇವಿನ ಹಿಂಡಿ ಬೆರೆಸಿದರೆ ಯೂರಿಯಾದ ಸಾರಜನಕ ನೆಲದಲ್ಲಿ ನಿಧಾನವಾಗಿ ಬದಲಾಗುತ್ತದೆ, ಕಡಿಮೆ ಪೋಲಾಗುತ್ತದೆ ಎಂಬುದನ್ನು 1970ರ ದಶಕದಲ್ಲೇ ನಮ್ಮ ವಿಜ್ಞಾನಿಗಳು ಕಂಡಿದ್ದರು. 2015ರಲ್ಲಿ ದೇಶದಲ್ಲಿ ತಯಾರಾಗುವ ಯೂರಿಯಾಕ್ಕೆಲ್ಲ ಬೇವಿನ ಎಣ್ಣೆ ಲೇಪನ ಕಡ್ಡಾಯವಾಯಿತು. ಕೊಳೆಯುವ ಎಲೆಗೆ ತಾನಾಗಿಯೇ ಇದ್ದ ನಿಧಾನವನ್ನು ಯೂರಿಯಾಕ್ಕೆ ಕಲಿಸಲು ಮತ್ತೆ ಬೇವಿನ ಮರವೇ ಬರಬೇಕಾಯಿತು. ಸಾವಿರ ವರ್ಷದ ಕಹಿ ಸೊಪ್ಪಿನ ಕೃಷಿ ಕೊನೆಗೆ ಹರಳಿನ ಮೇಲಿನ ತೆಳು ಪದರವಾಗಿ ಉಳಿಯಿತು.

ಅತ್ತ ಗುಡ್ಡಕ್ಕೇನಾಯಿತು? ಸೊಪ್ಪು ಬೇಡವಾದ ಮೇಲೆ ಗುಡ್ಡಕ್ಕೆ ಯಜಮಾನರಿಲ್ಲದಂತಾಯಿತು. ಮಿತಿಮೀರಿ ಸವರಿಸಿಕೊಂಡ ಬೆಟ್ಟಗಳು ಮೊದಲೇ ಬೋಳಾಗಿದ್ದವು. ಸೊಪ್ಪಿನ ಪದ್ಧತಿ ಎಲ್ಲ ಕಡೆ ಕಾಡನ್ನು ಕಾಪಾಡಿತು ಎನ್ನುವಂತಿಲ್ಲ. ಆ ಬೋಳುಗುಡ್ಡಗಳ ಮೇಲೆ 1980ರ ದಶಕದಿಂದ ಅರಣ್ಯ ಇಲಾಖೆ ಅಕೇಶಿಯಾ ನೆಟ್ಟಿತು. ದೂರಕ್ಕೆ ಹಸಿರು. ಆದರೆ ಅಕೇಶಿಯಾದ ತೊಗಲಿನಂಥ ಎಲೆ ದನ ತಿನ್ನುವುದಿಲ್ಲ, ಬೇಗ ಕೊಳೆಯುವುದೂ ಇಲ್ಲ. ಗುಡ್ಡ ಹಸಿರಾಯಿತು, ಗದ್ದೆಗೆ ಸೊಪ್ಪಿಲ್ಲ. ಕೊಡಗಿನ ಬಾಣೆಗಳಲ್ಲಿ ಕಾಫಿ ಎದ್ದಿತು, ಕರಾವಳಿಯ ಕುಮ್ಕಿಯಲ್ಲಿ ಗೇರು, ರಬ್ಬರ್, ಅಡಿಕೆ. 1974ರ ಭೂಸುಧಾರಣೆಯಲ್ಲಿ ಗೇಣಿ ಒಕ್ಕಲು ಗದ್ದೆಯ ಒಡೆಯನಾದದ್ದು ದೊಡ್ಡ ನ್ಯಾಯ. ಆದರೆ ಗದ್ದೆಗೆ ಅಂಟಿದ ಗುಡ್ಡದ ಪ್ರಶ್ನೆ ಇತ್ಯರ್ಥವಾಗದೆ ಉಳಿಯಿತು. ಇಂದು ಕುಮ್ಕಿಯ ಮಾತೆತ್ತಿದರೆ ಕೇಳಿಬರುವುದು ಯಾರಿಗೆ ಪಟ್ಟಾ, ಎಷ್ಟು ಸೆಂಟ್ಸ್ ಎಂಬ ಚರ್ಚೆ. ಅದು ಯಾವ ಕೆಲಸಕ್ಕೆಂದು ಬಿಟ್ಟ ನೆಲ ಎಂಬುದು ಆ ಚರ್ಚೆಯಲ್ಲಿ ಬರುವುದೇ ಇಲ್ಲ. ಬರಬೇಕಾದ ಗದ್ದೆಯೂ ಎಷ್ಟೋ ಕಡೆ ಹಡಿಲು ಬಿದ್ದಿದೆ.

ಹಾಗಾದರೆ ಇದು ಮುಗಿದ ಕಥೆಯೇ? ಗುಡ್ಡವಿಲ್ಲದ ರೈತನಿಗೂ ಚರಿತ್ರೆ ಒಂದೆರಡು ದಾರಿ ಉಳಿಸಿದೆ. ಮೊದಲನೆಯದು, ಗದ್ದೆ ತನ್ನ ಸೊಪ್ಪನ್ನು ತಾನೇ ಬೆಳೆದುಕೊಳ್ಳುವುದು. ಮುಂಗಾರಿನ ಮೊದಲ ಮಳೆಗೆ ದೈಂಚ ಅಥವಾ ಅಪ್ಸೆಣಬು ಬಿತ್ತಿ, ಹೂ ಕಾಣುವ ಹೊತ್ತಿಗೆ, ಅಂದರೆ 45-50 ದಿನಕ್ಕೆ, ಅಲ್ಲೇ ಉತ್ತು ಕೆಸರು ಮಾಡಿದರೆ ಹೆಕ್ಟೇರಿಗೆ 60 ಕಿಲೋ ಆಸುಪಾಸಿನ ಸಾರಜನಕ ತಲೆಹೊರೆಯಿಲ್ಲದೆ ಸಿಗುತ್ತದೆ. ಎರಡನೆಯದು ಬದು. ಮಧ್ಯ ಅಮೆರಿಕದಿಂದ ಬಂದ ಗ್ಲಿರಿಸಿಡಿಯಾವನ್ನು ನಮ್ಮ ಜನ 'ಗೊಬ್ಬರದ ಗಿಡ' ಎಂದೇ ಕರೆದು ಬೇಲಿಗೆ ಹಚ್ಚಿಕೊಂಡರು. ಕಡಿದಷ್ಟೂ ಚಿಗುರುವ ಆ ಬೇಲಿ ಒಂದು ಪುಟ್ಟ ಸೊಪ್ಪಿನ ಬೆಟ್ಟ. ಮೂರನೆಯದು ಗದ್ದೆಯ ನೀರಿನಲ್ಲೇ ಇದೆ. ನಿಂತ ನೀರಿನ ನೀಲಿಹಸಿರು ಪಾಚಿ ಗಾಳಿಯ ಸಾರಜನಕವನ್ನು ಹಿಡಿದು ಭತ್ತಕ್ಕೆ ಉಣಿಸುತ್ತದೆ ಎಂದು ಪಿ. ಕೆ. ಡೇ ಎಂಬ ನಮ್ಮದೇ ವಿಜ್ಞಾನಿ 1939ರಲ್ಲೇ ತೋರಿಸಿಕೊಟ್ಟಿದ್ದರು. ಅಜೋಲ್ಲ ಎಂಬ ತೇಲುವ ಜರಿಗಿಡವನ್ನು ಚೀನಾ, ವಿಯೆಟ್ನಾಮಿನ ರೈತರು ಶತಮಾನಗಳಿಂದ ಗದ್ದೆಯಲ್ಲಿ ಸಾಕಿದ್ದಾರೆ. ಅದರ ಎಲೆಯೊಳಗೆ ದುಡಿಯುವುದೂ ಅಂಥದೇ ಪಾಚಿ.

ಈ ಮೂರೂ ದಾರಿಗಳಿಗೆ ಬೇಕಾದದ್ದು ಅಂಗಡಿಯ ಬಾಟಲಿಯಲ್ಲ. ದೈಂಚಕ್ಕೆ ಒಂದೂವರೆ ತಿಂಗಳ ಖಾಲಿ ಗದ್ದೆ ಮತ್ತು ಸಕಾಲದ ಮಳೆ ಬೇಕು. ಬದುವಿನ ಗಿಡಕ್ಕೆ ನಾಳೆಯೂ ಈ ಗದ್ದೆ ನನ್ನದೇ ಎಂಬ ಭರವಸೆ ಬೇಕು. ವರ್ಷದ ಗುತ್ತಿಗೆಗೆ ಗದ್ದೆ ಹಿಡಿದವನು ಬೇಲಿ ನೆಡುವುದಿಲ್ಲ. ಪಾಚಿಗೆ ವಿಷವಿಲ್ಲದ ನಿಂತ ನೀರು ಬೇಕು. ಎಂದರೆ ಸಮಯ, ನೆಲ, ನೀರು. ಸಾವಯವ ಎಂಬ ಪದಕ್ಕೆ ಪ್ರೋತ್ಸಾಹಧನ ಕೊಡುವ ಯೋಜನೆಗಳು ದ್ರವದ ಡ್ರಮ್ಮಿಗೆ, ಸಿಂಪಡಿಸುವ ಪಂಪಿಗೆ ಹಣ ಕೊಡುವಷ್ಟು ಸುಲಭವಾಗಿ ಇವನ್ನು ಕೊಡಲಾರವು.

ನಮ್ಮ ಹಿಂದಿನವರು ಕಂದಾಯದ ಪುಸ್ತಕದಲ್ಲಿ ಗದ್ದೆಯ ಪಕ್ಕಕ್ಕೆ ಗುಡ್ಡವನ್ನೂ ಬರೆದಿಟ್ಟರು. ಅನ್ಯಾಯ, ಬೆವರು, ಜಗಳಗಳ ನಡುವೆಯೂ ಅವರಿಗೆ ಒಂದು ವಿಷಯ ಸ್ಪಷ್ಟವಿತ್ತು: ಅನ್ನದ ನೆಲಕ್ಕೆ ಆಸರೆಯ ನೆಲವೊಂದು ಬೇಕು. 79ನೇ ಸೆಕ್ಷನ್ನು ಇನ್ನೂ ಕಾಯ್ದೆಯಲ್ಲಿದೆ. ಕುಮ್ಕಿ, ಬಾಣೆ, ಸೊಪ್ಪಿನ ಬೆಟ್ಟ ಎಂಬ ಪದಗಳೂ ಅಲ್ಲೇ ಇವೆ. ಪಟ್ಟಾದ ಅರ್ಜಿಗೆ ಸಹಿ ಬೀಳುವ ಮೊದಲು ಆ ಪದಗಳ ಅರ್ಥವನ್ನು ಒಮ್ಮೆ ಗಟ್ಟಿಯಾಗಿ ಓದಿಕೊಳ್ಳುವುದು ಒಳ್ಳೆಯದು.